ಇಸೊಕೊ ಅಜ್ಜಿಯ ಸೂಜಿ ಪಾಠ

ಬಂದರಿನ ದೀಪಗಳು ಇನ್ನೂ ಆರಿಲ್ಲ. ಗುಡ್ಡದ ಮೇಲಿನ ಶಾಲೆಯಲ್ಲಿ ಇಸೊಕೊ ಒಯಿಕಾವ ಕೋಣೆ ಬೆಚ್ಚಗಾಗಲೆಂದು ಸೀಮೆಎಣ್ಣೆ ಒಲೆ ಹಚ್ಚಿ, ಸೂಜಿಗಳನ್ನು ಒಂದೊಂದಾಗಿ ಚೂರುಬಟ್ಟೆಗೆ ಚುಚ್ಚಿ ನೋಡುತ್ತಿದ್ದಾರೆ. ಮೊಂಡಾದವು, ಬಗ್ಗಿದವು ಪಕ್ಕದ ಡಬ್ಬಿಗೆ. ಫೆಬ್ರವರಿಯಲ್ಲಿ ಮಕ್ಕಳು ಅವನ್ನು ತೋಫು ಎಂಬ ಮೆತ್ತನೆಯ ಸೋಯಾ ಗಿಣ್ಣಿಗೆ ಚುಚ್ಚಿ, ಕೈಮುಗಿದು ಬೀಳ್ಕೊಡುತ್ತಾರೆ. "ವರ್ಷವಿಡೀ ಗಟ್ಟಿ ಬಟ್ಟೇಲಿ ಒದ್ದಾಡಿರ್ತವೆ. ಕೊನೇಗಾದ್ರೂ ಮೆತ್ತಗಿರೋ ಕಡೆ ಮಲಗ್ಲಿ," ಎನ್ನುತ್ತಾರೆ ಇಸೊಕೊ.

ಎಪ್ಪತ್ತು ದಾಟಿದ ಇಸೊಕೊ ಓದಿ ಶಿಕ್ಷಕಿಯಾದವರಲ್ಲ. ಊರಿನ ಉಡುಪು ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದರು. ಅದು ಮುಚ್ಚಿದ ಮೇಲೆ ಶಾಲೆಯವರು ಕರೆದರು. ಬೆರಳ ಗೆಣ್ಣುಗಳು ಊದಿವೆ. ಚಳಿಗಾಲದಲ್ಲಿ ಬಿಸಿನೀರಿನಲ್ಲಿ ಕೈ ಅದ್ದಿಕೊಂಡೇ ಪಾಠಕ್ಕೆ ನಿಲ್ಲುತ್ತಾರೆ. ಐದನೇ ತರಗತಿಯ ಮಕ್ಕಳು ಮನೆಯಿಂದ ಹಳೆಯ ಟವೆಲ್ ತಂದು, ಶಾಲೆಯ ವರಾಂಡ ಒರೆಸಲು ಬಟ್ಟೆ ಹೊಲಿದುಕೊಳ್ಳುತ್ತಾರೆ. ಅಂಗಡಿಯಲ್ಲಿ ಹೊಲಿದದ್ದೇ ಸಿಗುತ್ತದಲ್ಲ, ಎಂದು ಕೇಳುತ್ತೇನೆ. "ಸಿಗುತ್ತೆ. ಅದನ್ನ ಒರೆಸಿ ಬಿಸಾಕ್ತಾರೆ. ತಾವೇ ಹೊಲಿದದ್ದನ್ನ ಹಿಂಡಿ ಒಣಗಿಹಾಕ್ತಾರೆ."

"ಅಜ್ಜೀ, ರಿಕು ತನ್ನ ಅಂಗಿ ತೋಳನ್ನೂ ಸೇರಿಸಿ ಹೊಲಿದುಬಿಟ್ಟ!" ಪಾಠದ ನಡುವೆ ಹುಡುಗಿಯೊಬ್ಬಳು ಕೂಗುತ್ತಾಳೆ.

"ಒಳ್ಳೇದೇ ಆಯ್ತು. ಇವತ್ತು ಅವನೇ ನೆಲದ ಮೇಲೆ ಹೊರಳಾಡ್ಲಿ, ಕೆಲಸ ಬೇಗ ಮುಗಿಯುತ್ತೆ."

ನಗು ನಿಂತರೂ ಕಿಟಕಿ ಪಕ್ಕದ ನಾಗಿಸಾ ಸೂಜಿ ಎತ್ತಿಲ್ಲ. ಅಮ್ಮ ಅವಸರದಲ್ಲಿ ಅವಳ ಚೀಲಕ್ಕೆ ಹಾಕಿದ್ದು 'ಯಾಶಿಯೊ ಮಾರು' ಎಂದು ನೀಲಿಯಲ್ಲಿ ಅಚ್ಚಾದ ಟವೆಲ್. ಅದು ಅವಳ ಅಪ್ಪನ ದೋಣಿಯ ಹೆಸರು; ದೋಣಿ ಮೊದಲು ನೀರಿಗಿಳಿದ ದಿನ ಊರಿಗೆಲ್ಲ ಹಂಚಿದ ಟವೆಲ್ ಇದು. ಮೀನು ಸಿಗದೆ ಕಳೆದ ವರ್ಷ ಆ ದೋಣಿಯನ್ನು ಒಡೆದುಹಾಕಿದರು. ಅಪ್ಪ ಈಗ ಸೆಂದಾಯಿ ನಗರದಲ್ಲಿ ಲಾರಿ ಓಡಿಸುತ್ತಾನೆ.

"ನೆಲ ಒರೆಸೋಕೆ ಇದನ್ನ ಕೊಡಲ್ಲ."

"ಕೊಡ್ಬೇಡ. ನನ್ನ ಹತ್ರ ಬೇರೆ ಇದೆ."

ಇಸೊಕೊ ತಮ್ಮ ಟವೆಲನ್ನು ಅವಳ ಮುಂದಿಟ್ಟು, ಮಡಚಿ ತೋರಿಸುತ್ತಾರೆ. "ಒಳಗಿನ ಪದರ ನೆಲ ಮುಟ್ಟಲ್ಲ, ನೋಡು. ಯಾವುದು ಅಂತ ನಿಂಗೇ ಬಿಟ್ಟಿದ್ದು, ಪುಟ್ಟಿ."

ನಾಗಿಸಾ ಎರಡನ್ನೂ ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ಅಪ್ಪನ ದೋಣಿಯ ಹೆಸರು ಒಳಗೆ ಬರುವಂತೆ ಮಡಚುತ್ತಾಳೆ. ಅಂಚು ಹೊಲಿದು ಮುಗಿದರೂ ದಾರದ ತುದಿಗೆ ಗಂಟು ಬೀಳುವುದಿಲ್ಲ. ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. ಇಸೊಕೊ ಪಕ್ಕದಲ್ಲೇ ಕೂತಿದ್ದಾರೆ, ಕೈ ಹಾಕುವುದಿಲ್ಲ. ಕೊನೆಗೆ ಗಂಟು ಬಿಗಿಯಾಗುತ್ತದೆ.

ಎಲ್ಲ ಸೂಜಿಗಳೂ ಲೆಕ್ಕಕ್ಕೆ ಸರಿಯಾಗಿ ಪೆಟ್ಟಿಗೆಗೆ ಮರಳಿದ ಮೇಲೆಯೇ ತರಗತಿಯ ಬಾಗಿಲು ತೆರೆಯುತ್ತದೆ. ಮಧ್ಯಾಹ್ನ, ಶಾಲೆ ಗುಡಿಸುವ ಹೊತ್ತು. ಮಕ್ಕಳು ಸಾಲಾಗಿ ಬಗ್ಗಿ, ಒದ್ದೆ ಬಟ್ಟೆಯ ಮೇಲೆ ಎರಡೂ ಕೈ ಊರಿ, ವರಾಂಡದುದ್ದಕ್ಕೂ ಓಡುತ್ತಾರೆ. ನಾಗಿಸಾ ಎಲ್ಲರಿಗಿಂತ ಮುಂದಿದ್ದಾಳೆ.

ಅಷ್ಟು ರಭಸಕ್ಕೆ ಹೊಲಿಗೆ ತಡೆಯುತ್ತದೆಯೇ ಎಂದು ಕೇಳುತ್ತೇನೆ.

ಇಸೊಕೊ ಊದಿದ ಬೆರಳುಗಳನ್ನು ಒತ್ತಿಕೊಳ್ಳುತ್ತಾ ಹೇಳುತ್ತಾರೆ: "ಬಿಚ್ಕೊಳ್ಳಲ್ಲ ಅದು. ಗಂಟು ಅವಳೇ ಹಾಕಿದ್ದು."