ಮೈನಸ್ ಐದರಲ್ಲೊಂದು ರ‍್ಯಾಂಪು

ಲಿಯೋನಿಲಾ ಸುಮಗೈಸೈ ಮೇಡಂ ನಮ್ಮ ಇಲೊಯ್ಲೊ ಸೀಮೆಯ ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿದರು. ಮದುವೆಯಾಗಲಿಲ್ಲ, ಕೇಳಲು ಬಂದ ಇಬ್ಬರಿಗೂ ಭಿನ್ನರಾಶಿ ಬರುತ್ತಿರಲಿಲ್ಲವಂತೆ. ಸರಳರೇಖೆಯ ಸಮೀಕರಣ ಬರೆದು, ಅದರಿಂದ ಇಳಿಜಾರನ್ನೂ ಒಂದು ಬಿಂದುವನ್ನೂ ಹೆಕ್ಕಿಸುವುದು ಅವರ ಮೆಚ್ಚಿನ ಪಾಠ. "x − 2 ಅಂದರೆ ಬಿಂದುವಿನ x ಎರಡೇ. ಆ ಮೈನಸ್ಸು ಸೂತ್ರದ್ದು, ಬಿಂದುವಿನದಲ್ಲ" ಎಂದು ನೂರು ಸಲ ಹೇಳಿದ್ದರು. ನನಗೆ ಅರ್ಥವಾಯಿತು. ಪಕ್ಕದಲ್ಲಿ ಕೂರುತ್ತಿದ್ದ ರೊಡೆಲಿಯೊ ಪಲ್ಮಾರೆಸನಿಗೆ ಆಗಲಿಲ್ಲ. ಅವನು ಊರಿನ ಮುಖ್ಯಸ್ಥನಾಗಿ, ನಮ್ಮ ಕಡೆಯ ಮಾತಿನಲ್ಲಿ ಕ್ಯಾಪ್ಟನ್ ಆಗಿ, ಆರಿಸಿಬಂದ.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೇಡಂ ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದರು. ಪಿಂಚಣಿ ನಿಲ್ಲದಿರಲು, ತಾವಿನ್ನೂ ಬದುಕಿದ್ದೇವೆಂಬ ಪತ್ರಕ್ಕೆ ಸಹಿ ಹಾಕಲು ವರ್ಷಕ್ಕೊಮ್ಮೆ ಊರ ಕಚೇರಿಗೆ ಖುದ್ದಾಗಿ ಹೋಗಬೇಕು. ಆ ವರ್ಷ ಕ್ಯಾಪ್ಟನ್ ಅಲ್ಲಿ ಸಿಮೆಂಟಿನ ರ‍್ಯಾಂಪು ಕಟ್ಟಿಸಿ, ರಿಬ್ಬನ್ ಕತ್ತರಿಸಿ, ಪಕ್ಕದಲ್ಲೇ ತನ್ನ ನಗುಮುಖದ ಆಳೆತ್ತರದ ಬ್ಯಾನರು ನಿಲ್ಲಿಸಿದ್ದ. ನಾನು ಕುರ್ಚಿ ತಳ್ಳಿದೆ. ಅರ್ಧ ಏರಿ ಇಬ್ಬರೂ ಹಿಂದಕ್ಕೆ ಜಾರಿದೆವು.

"ಟೇಪು ತಾರೇ, ಇಂದಾಯ್" ಎಂದರು ಮೇಡಂ, ಹುಡುಗಿಯರನ್ನು ಕರೆಯುವ ನಮ್ಮೂರ ಮಾತಿನಲ್ಲಿ. ನನ್ನಿಂದ ಅಳೆಸಿದರು. ಗೇಟಿನಿಂದ ದೂರ x, ನೆಲದಿಂದ ಎತ್ತರ y. ಚೀಲದಿಂದ ಸೀಮೆಸುಣ್ಣ ತೆಗೆದು ಕಚೇರಿಯ ಗೋಡೆಯ ಮೇಲೇ ಬರೆದರು: y − 1 = ½(x − 5). ಗದ್ದಲ ಕೇಳಿ ಕ್ಯಾಪ್ಟನ್ ಹೊರಬಂದ. ಮೇಡಂಗೆ ಅವನಿನ್ನೂ ತೋತೋ, ಪುಟ್ಟ ಹುಡುಗ.

"ಬಾರೋ ತೋತೋ. ಇಳಿಜಾರು ಎಷ್ಟು?"

"ಮೇಡಂ, ಜನ ನೋಡ್ತಿದಾರೆ..."

"ನೋಡ್ಲಿ ಬಿಡು. ಓಟು ಹಾಕಿದ್ದೂ ನಿನ್ನ ನೋಡೇ ಅಲ್ವಾ?"

"ಅರ್ಧ."

"ಸರಿ. ರ‍್ಯಾಂಪಿನ ಮೇಲಿನ ತುದಿ ಯಾವ ಬಿಂದು?"

"ಮೈನಸ್ ಐದು, ಮೈನಸ್ ಒಂದು."

"ಅಂದ್ರೆ ಗೇಟಿಂದ ಐದು ಮೀಟರ್ ಹಿಂದೆ, ನೆಲದಡಿ ಒಂದು ಮೀಟರ್. ಅಲ್ಲಿ ಮೋರಿ ಇದೆಯಲ್ಲೋ! ಬದುಕಿದೀನಿ ಅಂತ ಮೋರೀಲಿ ಕೂತು ಸಹಿ ಹಾಕ್ಲಾ?"

ಜನ ಬಿದ್ದು ಬಿದ್ದು ನಕ್ಕರು. ಮೇಲಿಂದ ಗುಮಾಸ್ತೆ ಕೂಗಿದಳು: "ಮೇಡಂ, ಮೇಲೆ ಬಂದ್ರೆ ಮಾತ್ರ ಬದುಕಿದೀರ ಅಂತ ಬರ್ಕೊಳ್ಳೋದು!"

ಕೊನೆಗೆ ಕ್ಯಾಪ್ಟನ್ ಇನ್ನಿಬ್ಬರನ್ನು ಕರೆದು ಕುರ್ಚಿಯನ್ನು ಹೊತ್ತು ಮೇಲಿಟ್ಟ. ಸಹಿ ಮುಗಿಸಿ ಮೇಡಂ ಹೇಳಿದರು: "ಹನ್ನೆರಡಕ್ಕೆ ಒಂದು ಇಳಿಜಾರು ಬೇಕು. ಮೀಟರ್ ಎತ್ತರಕ್ಕೆ ಹನ್ನೆರಡು ಮೀಟರ್ ಉದ್ದ. ಬ್ಯಾನರು ತೆಗಿ, ಜಾಗ ಸಿಗುತ್ತೆ."

"ಬ್ಯಾನರ್ ಜಾಗ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಕಟ್ತೀನಿ ಮೇಡಂ."

"ಹಾಗಿದ್ರೆ ದಿನಾ ಬರ್ತೀನಿ. ನೀನೇ ಹೊರು."

ನಿಜಕ್ಕೂ ದಿನಾ ಬಂದರು. ಒಂದು ದಿನ ನೀರು ಕುಡಿಯಲು, ಇನ್ನೊಂದು ದಿನ ಗಡಿಯಾರ ಸರಿಯಿದೆಯೇ ಎಂದು ನೋಡಲು. ಒಂಬತ್ತು ದಿನ ಹೊತ್ತು ಕ್ಯಾಪ್ಟನ್ನಿನ ಬೆನ್ನು ಬಾಗಿತು. ಹತ್ತನೆಯ ದಿನ ಬ್ಯಾನರು ಇಳಿಯಿತು.

ಹೊಸ ರ‍್ಯಾಂಪನ್ನು ಮೇಡಂ ಒಬ್ಬರೇ ಏರಿದರು, ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡು. ಈಗ ಕೊಯ್ಲಿನ ಕಾಲದಲ್ಲಿ ಊರವರು ಅದರ ಮೇಲೆ ಭತ್ತ ಹರವುತ್ತಾರೆ. ಮೇಡಂ ಬರುವುದು ಕಂಡರೆ, ಗಾಲಿ ಹಾಯುವಷ್ಟು ದಾರಿ ಗುಡಿಸಿ ಬಿಡುತ್ತಾರೆ.