ನನ್ನ ಲೋಟದ ಮಜ್ಜಿಗೆ

ಎಂಜಲು ಎಂದರೆ ನಮ್ಮವ್ವನಿಗೆ ಆಗುವುದೇ ಇಲ್ಲ. ಲೋಟಕ್ಕೆ ತುಟಿ ಹಚ್ಚುವ ಹಾಗಿಲ್ಲ, ಎತ್ತಿ ಸುರಿದುಕೊಂಡೇ ಕುಡಿಯಬೇಕು. ಹಾಗೆ ಕುಡಿಯುವ ಮನೆಯಲ್ಲಿ ಯಾರ ಲೋಟವನ್ನು ಯಾರು ಎತ್ತಿದರೂ ತಪ್ಪಿಲ್ಲ. ಆದರೂ ನನ್ನ ಮಜ್ಜಿಗೆ ಲೋಟಕ್ಕೆ ಮಾತ್ರ ಅವ್ವ ಕಾವಲಿರುತ್ತಿದ್ದಳು. ನಾನು ಪೂರ್ತಿ ಕುಡಿದು ಮುಗಿಸುವವರೆಗೆ ಎದುರಿಗೇ ನಿಲ್ಲುತ್ತಿದ್ದಳು. ನನ್ನ ಮೇಲೆ ಎಷ್ಟು ಪ್ರೀತಿ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಒಂದು ಕಾಲಕ್ಕೆ ಮಿಷನ್ನಿನ ಸದ್ದಿನೊಳಗಿಂದ ಯಾರೋ ನನ್ನನ್ನು ಬೈಯತೊಡಗಿದ್ದರು. ಮಿಷನ್ ನಿಲ್ಲಿಸಿದರೂ ಬೈಗುಳ ನಿಲ್ಲುತ್ತಿರಲಿಲ್ಲ. ಎದುರು ಮನೆಯವರದೇ ಕೆಲಸವೆಂದು ಅವರ ಬಾಗಿಲಿಗೆ ಹೋಗಿ ಜಗಳ ತೆಗೆದಿದ್ದೆ. ಅವ್ವ ಆಸ್ಪತ್ರೆಗೆ ಕರೆದರೆ "ನಾ ಹುಚ್ಚಿ ಅಲ್ಲ" ಎಂದು ಚಿಲಕ ಹಾಕಿಕೊಂಡಿದ್ದೆ. ಆಮೇಲೆ ದನಿಗಳು ತಾವಾಗಿಯೇ ಅಡಗಿದವು. ಬೈದು ಬೈದು ಅವರಿಗೂ ಸಾಕಾಗಿರಬೇಕು ಎಂದುಕೊಂಡೆ.

ಅಷ್ಟರಲ್ಲಿ ಕೈ ನಡುಗಲು ಶುರುವಾಯಿತು. ಸೂಜಿಗೆ ದಾರ ಪೋಣಿಸಲಾಗದು, ಕತ್ತರಿ ಗೆರೆ ಬಿಟ್ಟು ಹೋಗುತ್ತದೆ. ಕಂಪ್ಲಿಯಿಂದ ಬರುತ್ತಿದ್ದ ಮದುವೆ ಬ್ಲೌಸ್‌ಗಳೆಲ್ಲ ಬೇರೆ ಕಡೆ ಹೋದವು. ಆ ನಡುಕವೇ ನನ್ನ ಹುಚ್ಚು ಎಂದು ಓಣಿಯವರು ತೀರ್ಮಾನಿಸಿದರು. ನನಗೂ ಹಾಗೇ ಅನ್ನಿಸತೊಡಗಿತು.

ಒಂದು ಬೇಸಿಗೆ ಮಧ್ಯಾಹ್ನ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಸಂಡೂರಿನಿಂದ ಬಂದಳು. ಬಾಯಾರಿ ಬಂದವಳು ಕಟ್ಟೆಯ ಮೇಲಿದ್ದ ನನ್ನ ಲೋಟ ಎತ್ತಿ ಗಟಗಟ ಸುರಿದುಕೊಂಡಳು. ಅವ್ವ ಹಿತ್ತಲಲ್ಲಿದ್ದಳು. ಸ್ವಲ್ಪ ಹೊತ್ತಿಗೆ ದೊಡ್ಡವ್ವನ ಕಣ್ಣುಗಳು ಎಳೆಯತೊಡಗಿದವು, ಮಾತು ತೊದಲಿತು, ಎದ್ದು ನಿಂತವಳು ಹಾಗೇ ಕುಸಿದಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಏನು ಕುಡಿದರು ಎಂದು ಅಲ್ಲಿನ ಡಾಕ್ಟರು ಕೇಳಿದಾಗ, ಮಜ್ಜಿಗೆ ಎಂದೆ.

"ಯಾವ ಮಜ್ಜಿಗಿ?" ಅವ್ವ ನನ್ನ ತೋಳು ಹಿಡಿದಳು.

"ನನ್ನ ಲೋಟದ್ದು."

ಅವ್ವ ನೆಲದ ಮೇಲೆ ಕುಂತುಬಿಟ್ಟಳು. "ಅದ್ರಾಗ ನನ್ನ ಮಗಳ ಔಷಧ ಹಾಕಿದ್ನಿರಿ. ತಲಿಗೆ ಕೊಡೋದು."

ಮರುದಿನ ದೊಡ್ಡವ್ವ ಎದ್ದು ಕುಂತು ಉಪ್ಪಿಟ್ಟು ತಿಂದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

"ನನಗ ಹೇಳ್ಲಾರದ ನನ್ನ ಬಾಯಿಗೆ ಔಷಧ ಹಾಕಾಕ ನೀ ಯಾರು?"

"ನಿನ್ನ ಹಡದಾಕಿ. ಹೇಳಿದ್ರ ತಗೊಂತಿದ್ದೇನು?"

ತಗೊಳ್ಳುತ್ತಿರಲಿಲ್ಲ, ಅದು ನಿಜ. ನಿಜವಾದ ಮಾತ್ರಕ್ಕೆ ಸಿಟ್ಟು ಬಿಡಬೇಕೆಂದೇನೂ ಇಲ್ಲ, ಬಿಡಲಿಲ್ಲ.

ಅವ್ವ ಹೆದರಿ ಔಷಧಿ ಬಾಟಲಿಯನ್ನೇ ಎಸೆದಳು. ಕೆಲವು ವಾರಗಳಲ್ಲಿ ನಡುಕ ಇಳಿಯಿತು, ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಖುಷಿಯಿಂದ ಮಿಷನ್ ತುಳಿದೆ. ಒಳಗಿನಿಂದ ಅವರು ಮತ್ತೆ ಬೈಯತೊಡಗಿದರು.

ಈ ಸಲ ಎದುರು ಮನೆಗೆ ಹೋಗಲಿಲ್ಲ. ಅವ್ವ ಯಾರ ಹತ್ತಿರ ಔಷಧಿ ಬರೆಸುತ್ತಿದ್ದಳೋ ಹೊಸಪೇಟೆಯ ಆ ಡಾಕ್ಟರ ಮುಂದೆಯೇ ಹೋಗಿ ಕುಂತೆ. ಅವ್ವ ಹಿಂದೆಯೇ ಓಡಿ ಬಂದಳು.

"ಇಷ್ಟು ದಿನ ನನ್ನ ನೋಡ್ಲಾರದ ಬರಕೊಟ್ರಿ. ಈಗ ನೋಡ್ರಿ," ಎಂದೆ. ಅವರ ಮುಖ ಸಣ್ಣಗಾಯಿತು. "ಈ ಔಷಧ ಏನು ಕೊಡ್ತದ, ಏನು ಕಸಗೊಂತದ, ಎರಡೂ ಹೇಳ್ರಿ. ಕೇಳಿದ ಮ್ಯಾಲೇ ತಗೊಳ್ಳಾಕಿ ನಾ."

ಹೇಳಿದರು. ದನಿಗಳನ್ನು ಅಡಗಿಸುತ್ತದೆ, ಬೇರು ಸಮೇತ ಕೀಳುವ ಭರವಸೆಯಿಲ್ಲ. ತೂಕ, ಸಕ್ಕರೆ ಏರಬಹುದು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಕಡೆಯ ಬಿಸಿಲಿಗೆ ಮೈ ಬೇಗ ಕಾಯುತ್ತದೆ, ನೀರು ಕುಡಿಯುತ್ತಿರಬೇಕು. ತಮಗೆ ತಾವೇ ಒಮ್ಮೆಲೇ ನಿಲ್ಲಿಸಬಾರದು. ಮುಟ್ಟು ತಪ್ಪಬಹುದು ಎಂದಾಗ ನಾನು ಅವ್ವನ ಕಡೆ ತಿರುಗಿದೆ. ನನ್ನ ಮುಟ್ಟು ನಿಂತಿದ್ದಾಗ ನನ್ನ ನಡತೆಯನ್ನೇ ಅನುಮಾನಿಸಿದ ಅದೇ ಅವ್ವ ಈಗ ಗೋಡೆ ನೋಡುತ್ತಿದ್ದಳು. ಕೈ ನಡುಕವೂ ಔಷಧಿಯದೇ ಆಗಿತ್ತು. ಅದನ್ನು ಡಾಕ್ಟರಿಗೆ ಯಾರೂ ಹೇಳಿರಲೇ ಇಲ್ಲ.

"ಕೈ ನಡುಗಿದ್ರ ನನ್ನ ಹೊಟ್ಟಿ ನಡ್ಯಂಗಿಲ್ಲರಿ. ಬ್ಯಾರೆ ಕೊಡ್ರಿ," ಎಂದೆ. ಬೇರೆ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದರು.

ಈಗ ಅದನ್ನು ಗಿರಾಕಿಗಳ ಎದುರಿಗೇ ನುಂಗುತ್ತೇನೆ. ಒಬ್ಬಾಕೆ "ಯಾತರ ಗುಳಿಗಿರಿ?" ಎಂದಳು. "ತಲಿದು. ಕೈ ಎತ್ರಿ, ಅಳತಿ ತಗೋಬೇಕು," ಎಂದೆ. ಆಕೆ ಕೈ ಎತ್ತಿದಳು. ನಾನು ದಪ್ಪಗಾಗಿದ್ದೇನೆ, ನನ್ನ ಬ್ಲೌಸ್‌ಗಳನ್ನು ಬಿಚ್ಚಿ ಅಗಲ ಮಾಡಿಕೊಂಡಿದ್ದೇನೆ. ದನಿಗಳು ಅಡಗಿವೆ, ಗೆರೆಯ ಮೇಲೆ ಕತ್ತರಿ ನೆಟ್ಟಗೆ ಹೋಗುತ್ತದೆ, ನನಗೆ ಅಷ್ಟು ಸಾಕು.

ಮಜ್ಜಿಗೆಯನ್ನು ಮಾತ್ರ ಅಂದಿನಿಂದ ಮುಟ್ಟಿರಲಿಲ್ಲ. ಮತ್ತೆ ಬೇಸಿಗೆ ಬಂತು. ಅವ್ವ ದಿನಾ ಲೋಟ ತಂದಿಡುವಳು, ನಾನು ಹಾಗೇ ಬಿಡುವೆ. ಒಂದು ದಿನ ಇಡಲಿಲ್ಲ. ಎದುರಿಗೆ ನಿಂತು, ಲೋಟಕ್ಕೆ ತುಟಿ ಹಚ್ಚಿ, ಒಂದು ಗುಟುಕು ಕುಡಿದು ನನ್ನ ಕಡೆ ಚಾಚಿದಳು. ಹುಟ್ಟಿದಾಗಿನಿಂದ ನಾನು ಅವ್ವನ ಎಂಜಲು ಕಂಡವಳಲ್ಲ.

"ಇನ್ನೊಂದು ಗುಟುಕು ಕುಡಿ," ಎಂದೆ.

ಕುಡಿದಳು. ಉಳಿದದ್ದನ್ನು ನಾನೂ ತುಟಿ ಹಚ್ಚಿಯೇ ಕುಡಿದೆ.