ಅಡರಕಟ್ಟಿಯ ಸೊಪ್ಪಿನ ಬುಟ್ಟಿಗಳು

ಲಕ್ಷ್ಮೇಶ್ವರದಿಂದ ಗದಗಕ್ಕೆ ಹೊರಟಿದ್ದ ನಮ್ಮ ಬಸ್ಸು ಅಡರಕಟ್ಟಿಯಲ್ಲಿ ಗಕ್ಕನೆ ನಿಂತಿತು. ಸೊಪ್ಪು ಮಾರುವ ಹೆಂಗಸರೆಲ್ಲ ಬುಟ್ಟಿ ಇಟ್ಟುಕೊಂಡು ರಸ್ತೆಯ ನಡುವೆ ಕೂತಿದ್ದರು. ದಿನಾ ಕೈ ಮಾಡಿದರೂ ಈ ಬಸ್ಸು ನಿಲ್ಲುತ್ತಿರಲಿಲ್ಲವಂತೆ. ಮುಂದಿನದಕ್ಕೆ ಕಾದರೆ ಸೊಪ್ಪು ಬಾಡುತ್ತಿತ್ತಂತೆ.

ಚಾಲಕ ಕೆಳಗಿಳಿದು ರೇಗಿದ: “ರಸ್ತಾ ಅಂದ್ರ ನಿಮ್ಮ ಪಡಸಾಲಿ ಏನ್ರಿ?”

ಅವರಲ್ಲಿ ಹಿರಿಯಳಾದ ಅಜ್ಜಿ ಅವನನ್ನು ರಸ್ತೆಯಂಚಿಗೆ ಕರೆದು ಜಗಳಕ್ಕೆ ನಿಂತಳು. ಅವನ ಬೆನ್ನ ಹಿಂದೆ ಉಳಿದವರು ಒಬ್ಬರ ಬುಟ್ಟಿ ಇನ್ನೊಬ್ಬರು ಎತ್ತಿಕೊಡುತ್ತ ಸದ್ದಿಲ್ಲದೆ ಬಸ್ಸು ಹತ್ತಿದರು. ಕೊನೆಯ ಬುಟ್ಟಿ ಒಳಗೆ ಬಂದದ್ದನ್ನು ಕಂಡ ಅಜ್ಜಿ, “ಆತು ತಮ್ಮಾ, ನೀನ ಗೆದ್ದಿ. ಜಲ್ದಿ ನಡಿ,” ಎಂದು ತಾನೂ ಹತ್ತಿದಳು. ಬಸ್ಸಿಗೆ ಬಸ್ಸೇ ನಕ್ಕಿತು, ಚಾಲಕನೂ ನಕ್ಕ.

ನನ್ನ ತೊಡೆಯ ಮೇಲೊಂದು ಮೆಂತ್ಯೆ ಬುಟ್ಟಿ ಬಂದು ಕೂತಿತ್ತು. ಯಾರದೆಂದು ಕೇಳಿದೆ. “ನಮ್ಮೆಲ್ಲಾರದೂ ರೀ, ಭದ್ರ ಹಿಡಕೋರಿ,” ಎಂದರು. ಗದಗ ಬರುವವರೆಗೂ ಹಿಡಿದುಕೊಂಡೇ ಇದ್ದೆ.